ಸಮಾಧಾನದ ಪುಸ್ತಕದಲ್ಲಿ ನಾನು ಓದದೆ ಬಿಟ್ಟ ಸಾಲು

ಈ ವರ್ಷ ಉಪದೇಶಿ ಕೆಲಸಕ್ಕೆ ಸೇರುತ್ತಿರುವ ಐದಾರು ಮಂದಿ ಹುಡುಗ ಹುಡುಗಿಯರಿಗೆ ಎರಡು ಮಾತು ಬರೆದುಕೊಡಿ ಎಂದು ನಮ್ಮ ಕ್ರೈಸ್ತ ಸಭೆಯವರು ಕೇಳಿದ್ದಾರೆ. ಎರಡೇ ಮಾತಿನಲ್ಲಿ ಮುಗಿಸುವ ಅಭ್ಯಾಸವಿದ್ದಿದ್ದರೆ ನಾನು ಉಪದೇಶಿ ಯಾಕಾಗುತ್ತಿದ್ದೆ? ಅವರಿಗೆ ಬೇಕಾಗಿರುವುದು ಆಶೀರ್ವಾದದ ಮಾತು ಎಂದು ನನಗೆ ಗೊತ್ತು. ಅದನ್ನು ಹೇಳಲು ಬೇರೆ ಹಿರಿಯರಿದ್ದಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ನಾನು ಬರೆಯುತ್ತೇನೆ. ಓದಿ ಮನಸ್ಸು ಮುರಿದರೆ ಬೇರೆ ಕೆಲಸ ನೋಡಿಕೊಳ್ಳಿ. ನಾನೇನೂ ತಪ್ಪು ತಿಳಿಯುವುದಿಲ್ಲ.

ಉಪದೇಶಿ ಎಂದರೆ ಅಯ್ಯನವರಲ್ಲ. ಅಯ್ಯನವರು ದೀಕ್ಷೆ ಪಡೆದ ಸಭಾಪಾಲಕರು. ಯೇಸುಸ್ವಾಮಿಯ ನೆನಪಿಗೆ ಸಭೆಯವರೆಲ್ಲ ಹಂಚಿಕೊಂಡು ತಿನ್ನುವ ಕರ್ತನ ಭೋಜನದ ರೊಟ್ಟಿ ಮುರಿಯುವ ಅಧಿಕಾರ ಅವರಿಗೆ ಮಾತ್ರ. ನಮ್ಮ ಕಡೆಗೆ ಅವರು ಬೆಂಗಳೂರಿನಿಂದ ಮೂರು ತಿಂಗಳಿಗೊಮ್ಮೆ ಬಂದು ಒಂದು ಭಾನುವಾರ ಇದ್ದು ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಹುಟ್ಟು, ಸಾವು, ಜಗಳ, ಜ್ವರ ಎಲ್ಲಕ್ಕೂ ಉಪದೇಶಿಯೇ ಗತಿ. ಅರವತ್ತರ ದಶಕದ ಮೊದಲಿನಲ್ಲಿ ನನ್ನನ್ನು ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಹಾಕಿದರು. ಆಗತಾನೇ ಮದುವೆಯಾಗಿತ್ತು. ನಾನು, ಹೆಂಡತಿ ಕಮಲ, ಒಂದು ಟ್ರಂಕು, ಒಂದು ಸೈಕಲ್ಲು, ಇಷ್ಟೇ ನಮ್ಮ ಸಂಸಾರ. ಊರಿನ ಅರ್ಧ ಮಂದಿಗೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದೇ ಕಸುಬು. ಬಸ್ಸು ಇಳಿದ ಕೂಡಲೇ ಬೆಂದ ಹುಳುವಿನ ವಾಸನೆ ಮೂಗಿಗೆ ಹೊಡೆಯಿತು. ಕಮಲ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇಲ್ಲೇ ಇರ್ಬೇಕೇನ್ರೀ?" ಎಂದಳು. ಹದಿನಾಲ್ಕು ವರ್ಷ ಇದ್ದೆವು.

ನನ್ನ ದಿನದ ಕೆಲಸ ಬೆಳಗಿನ ಧ್ಯಾನ. ನಮ್ಮ ಸಭೆಯ ಹೆಂಗಸರು ಏಳಕ್ಕೆಲ್ಲ ನೂಲಿನ ಬಾಣಲೆಯ ಮುಂದೆ ಕೂರಬೇಕಾಗಿತ್ತು. ಅದಕ್ಕೆ ಮೊದಲೇ ದಿನಕ್ಕೊಂದು ಮನೆಗೆ ಹೋಗಿ, ಯೇಸುಸ್ವಾಮಿಯ ಒಂದು ಬೋಧನೆ ಓದಿ, ಐದು ನಿಮಿಷ ಅರ್ಥ ಹೇಳಿ, ಪ್ರಾರ್ಥನೆ ಮಾಡಿ ಬರಬೇಕು. ಮನೆಗೆ ಬಂದು ದಿನಚರಿಯಲ್ಲಿ ಬರೆಯಬೇಕು: ಯಾರ ಮನೆ, ಯಾವ ಬೋಧನೆ, ಎಷ್ಟು ಜನ. ಅಯ್ಯನವರು ಬಂದಾಗ ಮೊದಲು ಕೇಳುತ್ತಿದ್ದದ್ದು ಆ ದಿನಚರಿಯನ್ನು. ನಮ್ಮ ಮಕ್ಕಳ ಹೆಸರು ಅವರಿಗೆ ಕೊನೆಯವರೆಗೂ ಬಾಯಿಪಾಠವಾಗಲಿಲ್ಲ. ದಿನಚರಿಯಲ್ಲಿ ಯಾವ ಬುಧವಾರ ಖಾಲಿ ಬಿಟ್ಟಿದ್ದೆ ಎಂಬುದು ಮಾತ್ರ ಮುಂದಿನ ಸಲ ಬರುವವರೆಗೂ ಅವರಿಗೆ ನೆನಪಿರುತ್ತಿತ್ತು.

ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಹೊಸದರಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ, ನಾಳೆಯ ಚಿಂತೆ ಮಾಡಬೇಡಿ ಎಂಬ ಬೋಧನೆಯ ಮೇಲೆ ಭರ್ಜರಿಯಾಗಿ ಮಾತಾಡಿದೆ. ಆಕೆ ಎಲ್ಲಾ ಕೇಳಿ, "ನಾಳೇದು ಹೋಗ್ಲಿ ಬಿಡಿ ಉಪದೇಶಿಗಳೇ, ನಂಗೆ ಇವತ್ತಿನ್ದೇ ಚಿಂತೆ" ಎಂದು ಖಾಲಿ ಹಿಟ್ಟಿನ ಮಡಕೆ ತೋರಿಸಿದಳು. ನನ್ನ ಐದು ನಿಮಿಷದ ಜ್ಞಾನವೆಲ್ಲ ಮಡಕೆಯೊಳಗೆ ಬಿತ್ತು. ಕಮಲ ಒಂದು ಸೇರು ರಾಗಿಹಿಟ್ಟು ಕೊಟ್ಟು ಬಂದಳು. ವಾಪಸ್ಸು ಬಂದವಳು, "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ಜನ ನಿಮ್ಮನ್ನ ನೋಡೇ ಗಾದೆ ಕಟ್ಟಿರ್ಬೇಕು" ಎಂದಳು. ಅವಳು ಏಳನೆಯ ಕ್ಲಾಸಿನವರೆಗೆ ಓದಿದವಳು. ಬಾಯಿ ಮಾತ್ರ ಕಾಲೇಜಿಗೆ ಹೋಗಿತ್ತು.

ಇನ್ನೊಂದು ಸಲ ಊರಾಚೆಯ ಹೊಲದ ಬದುವಿನಲ್ಲಿ ಚಿಕ್ಕಮುನಿಯಪ್ಪ ಸಿಕ್ಕಿದ. ನಮ್ಮ ಸಭೆಯವನಲ್ಲ, ಬೇಸಾಯದ ಮನೆತನದವನು, ಎರಡು ಎಕರೆ ಖುಷ್ಕಿ ಜಮೀನಿನವನು. ಮಾತಿಗೆ ಕರೆದರೆ ನಿಂತು ಕೇಳುವ ಸೌಜನ್ಯವಿತ್ತು. ನನಗೆ ಹುರುಪು. ಆಕಾಶದ ಹಕ್ಕಿಗಳನ್ನು ನೋಡು, ಅವು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ದೇವರು ಸಾಕುತ್ತಾನೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ವಿವರಿಸಿದೆ. ಅವನು ತಲೆ ಕೆರೆದುಕೊಂಡು, "ದೇವ್ರೆಲ್ಲಿ ಸಾಕ್ತಾನೆ ಸ್ವಾಮಿ? ನಾನ್ ಬಿತ್ತಿದ್ನ ತಿಂದ್ಕೊಂಡು ಬದುಕವೆ ಅವು. ಸಾಕ್ತಿರೋನು ನಾನು" ಎಂದ. ಇಬ್ಬರೂ ನಕ್ಕೆವು. ಆಮೇಲೆ ಎಲ್ಲೇ ಕಂಡರೂ ಅವನೇ ಕರೆದು ಮಾತಾಡಿಸುತ್ತಿದ್ದ, ಅವರೆಕಾಯಿ ಕಾಲದಲ್ಲಿ ಒಂದು ಮಡಿಲು ಅವರೆಕಾಯಿ ಕಳಿಸುತ್ತಿದ್ದ. ನನ್ನ ಮೇಲೆ ಅವನಿಗೆ ನಂಬಿಕೆ ಇತ್ತು.

ಈಗ ಸಮಾಧಾನದ ಪುಸ್ತಕದ ವಿಷಯ. ನೀವು ಯಾರೂ ಅದನ್ನು ನೋಡಿರಲಾರಿರಿ, ಆ ಪದ್ಧತಿ ಈಗಿಲ್ಲ. ಆಗ ಕರ್ತನ ಭೋಜನಕ್ಕೆ ಹಿಂದಿನ ವಾರವೆಲ್ಲ ಉಪದೇಶಿ ಮನೆಮನೆಗೆ ಹೋಗಿ, "ನಿಮಗೆ ಯಾರ ಮೇಲಾದರೂ ಮುನಿಸಿದೆಯೇ?" ಎಂದು ಕೇಳಬೇಕಾಗಿತ್ತು. ಮುನಿಸಿದ್ದವರನ್ನು ಶನಿವಾರ ಪ್ರಾರ್ಥನಾಲಯಕ್ಕೆ ಕರೆಸಿ, ಎದುರುಬದುರು ಕೂರಿಸಿ, ಕೈ ಕೂಡಿಸಿ, ಇಂಥವರಿಗೂ ಇಂಥವರಿಗೂ ಇಂಥ ವಿಷಯದಲ್ಲಿ ಸಮಾಧಾನವಾಯಿತು ಎಂದು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಇಬ್ಬರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಕು. ಹಾಗೆ ಮಾಡದವರಿಗೆ ಭಾನುವಾರ ರೊಟ್ಟಿಯಿಲ್ಲ. ಇದಕ್ಕೆ ಆಧಾರ ಯೇಸುಸ್ವಾಮಿಯ ಒಂದು ಬೋಧನೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ರಾಜಿಯಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂಬುದು. ಕೋಳಿ ಜಗಳ, ನಲ್ಲಿ ಜಗಳ, ನಾದಿನಿ ಜಗಳ ಎಲ್ಲವನ್ನೂ ಆ ಪುಸ್ತಕದಲ್ಲಿ ನಾನೇ ತೀರಿಸಿದ್ದೇನೆ. ಕೆಲವು ನಿಜವಾಗಿಯೂ ತೀರಿದವು, ಸುಳ್ಳು ಹೇಳಬಾರದು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಅಲ್ಲೇ ತಬ್ಬಿಕೊಂಡು ಅತ್ತದ್ದನ್ನು ಕಂಡಿದ್ದೇನೆ. ಅದರಿಂದಲೇ ನನಗೆ ಸೊಕ್ಕು ಬಂದದ್ದು.

ನಮ್ಮ ಸಭೆಯ ಹಿರಿಯ ದೇವದಾಸಪ್ಪ. ಹನ್ನೆರಡು ಬಾಣಲೆಗಳ ಒಂದು ನೂಲಿನ ಕಾರ್ಖಾನೆ ಅವರದು. ಪ್ರಾರ್ಥನಾಲಯಕ್ಕೆ ಬೆಂಚು ಮಾಡಿಸಿದವರು, ಕರೆಂಟು ಹಾಕಿಸಿದವರು, ಕಾಯಿಲೆಯವರನ್ನು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕಳಿಸಿದವರು ಅವರೇ. ಸಭೆಯ ಅರ್ಧ ಹೆಂಗಸರು ಅವರಲ್ಲಿ ಕೆಲಸ ಮಾಡಿ ಉಣ್ಣುತ್ತಿದ್ದರು. ಪೂರಾ ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅವರದು ಒಂದೇ ಹಟ. ಕೆಲಸದ ಹೆಂಗಸರು ನೂಲನ್ನು ಸೀರೆಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಾರೆಂಬ ಗುಮಾನಿಯಿಂದ ಬೆಳಿಗ್ಗೆ ಎಲ್ಲರೂ ಒಳಗೆ ಹೋದ ಮೇಲೆ ಹೊರಗಿನಿಂದ ಬೀಗ ಜಡಿಯುತ್ತಿದ್ದರು. ಬೀಗದ ಕೈ ಅವರ ಜೇಬಿನಲ್ಲಿ. ಊಟದ ಹೊತ್ತಿಗೆ ತೆಗೆಯುವುದು. ಇದು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಜ್ಞಾನಮ್ಮ ವಿಧವೆ. ಅವಳ ಒಬ್ಬಳೇ ಮಗಳು ಸಂಪೂರ್ಣ, ಹತ್ತೊಂಬತ್ತು ವರ್ಷದವಳು, ಆ ಕಾರ್ಖಾನೆಯಲ್ಲಿ ನೂಲು ತೆಗೆಯುತ್ತಿದ್ದಳು. ಪ್ರಾರ್ಥನಾಲಯದಲ್ಲಿ ಹಾಡು ಎತ್ತಿಕೊಡುತ್ತಿದ್ದವಳೂ ಅವಳೇ. ಒಂದು ಬೆಳಿಗ್ಗೆ ಒಲೆಯ ಬೆಂಕಿ ಅವಳ ಸೆರಗಿಗೆ ಹಿಡಿಯಿತು. ಉರಿಯುತ್ತಲೇ ಬಾಗಿಲಿಗೆ ಓಡಿದಳು. ಕುಡಿಯುವ ನೀರಿನ ಹಂಡೆ ಬಾಗಿಲಾಚೆ ಇತ್ತು. ಒಳಗಿದ್ದದ್ದೆಲ್ಲ ಕುದಿಯುವ ನೀರು. ದೇವದಾಸಪ್ಪ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದರು, ಬೀಗದ ಕೈ ಅವರ ಜೊತೆ ಹೋಗಿತ್ತು. ಬೀದಿಯವರು ಹಾರೆಯಿಂದ ಬೀಗ ಮೀಟುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ನಾನು ಪಕ್ಕದಲ್ಲಿ ಕುಳಿತು ಪ್ರಾರ್ಥಿಸಿದೆ. ಅವಳು ಒಂದೇ ಮಾತು ಕೇಳಿದಳು: "ಬಾಗ್ಲು ತೆಗೆದ್ರಾ?"

ಮಣ್ಣು ಮಾಡಿದ ಮೇಲೆ ಜ್ಞಾನಮ್ಮ ಭಾನುವಾರಗಳಲ್ಲಿ ಬರುತ್ತಿದ್ದಳು. ದೇವದಾಸಪ್ಪ ಒಳಗೆ ಬಂದರೆ ಎದ್ದು ಹೋಗುತ್ತಿದ್ದಳು. ಜಗಳವಿಲ್ಲ, ಬೈಗುಳವಿಲ್ಲ, ಸೆರಗು ಹೊದ್ದು ಎದ್ದು ಹೋಗುವುದು. ಅದು ಎಲ್ಲರ ಕಣ್ಣಿಗೂ ಚುಚ್ಚುತ್ತಿತ್ತು. ಕರ್ತನ ಭೋಜನ ಹತ್ತಿರವಾಯಿತು. ಅಯ್ಯನವರಿಂದ ಕಾಗದ ಬಂತು. ಒಂದೇ ಸಭೆಯವರು ಒಂದೇ ಮೇಜಿನಲ್ಲಿ ಕೂರದೆ ಇರುವುದು ಹೊರಗಿನವರ ಮುಂದೆ ಸಭೆಯ ಸಾಕ್ಷಿಗೆ ಕುಂದು, ತಾವು ಬರುವುದರೊಳಗೆ ಇದನ್ನು ಸರಿಪಡಿಸಿರಬೇಕು, ಉಪದೇಶಿಯ ಯೋಗ್ಯತೆ ಇಂಥದರಲ್ಲೇ ತಿಳಿಯುವುದು ಎಂದು ಬರೆದಿದ್ದರು.

ಒಂಬತ್ತು ದಿನ ಬೆಳಗಿನ ಧ್ಯಾನವನ್ನು ಜ್ಞಾನಮ್ಮನ ಮನೆಯಲ್ಲೇ ಮಾಡಿದೆ. ಏಳೆಪ್ಪತ್ತು ಸಲ ಕ್ಷಮಿಸಬೇಕೆಂಬ ಬೋಧನೆ ಒಂದು ದಿನ. ವೈರಿಗಳನ್ನು ಪ್ರೀತಿಸಬೇಕೆಂಬುದು ಒಂದು ದಿನ. ಇನ್ನೊಂದು ಕೆನ್ನೆ ತೋರಿಸುವುದು ಒಂದು ದಿನ. ಶಿಲುಬೆಯ ಮೇಲಿಂದ ಕ್ಷಮಿಸಿದ್ದು ಒಂದು ದಿನ. ಆಕೆ ಗೋಡೆಗೆ ಒರಗಿ ಕೇಳುತ್ತಿದ್ದಳು. ಐದನೆಯ ದಿನವೋ ಏನೋ ಬಾಯಿ ಬಿಟ್ಟಳು.

"ನಾನು ಕ್ಷಮಿಸಲ್ಲ ಅಂತ ಎಲ್ಲಿ ಹೇಳ್ದೆ ಉಪದೇಶಿಗಳೇ? ಅವ್ರು ಬಂದು, ಬೀಗ ಹಾಕಿದ್ದು ನಾನೇ ಕಣಮ್ಮ, ಇನ್ಮೇಲೆ ಹಾಕಲ್ಲ ಅಂತ ಒಂದ್ ಮಾತು ಹೇಳ್ಲಿ. ನನ್ ಮಗಳು ವಾಪಸ್ ಬರಲ್ಲ. ಅಲ್ಲಿ ಇನ್ನೂ ಹನ್ನೊಂದು ಹೆಣ್ಮಕ್ಳು ಕೂತವ್ರೆ."

ನಾನು ದೇವದಾಸಪ್ಪನವರಲ್ಲಿಗೆ ಹೋದೆ. ಅವರ ಕಣ್ಣಲ್ಲೂ ನೀರು ಬಂತು. ಆದರೆ ಮಾತು ಬೇರೆ ಬಂತು. "ಬೀಗ ತೆಗೆದ್ರೆ ಕಾರ್ಖಾನೆ ಉಳಿಯುತ್ತಾ? ನಾನೇ ಹಾಕಿದ್ದು ಅಂತ ಸಭೆ ಮುಂದೆ ಹೇಳಿದ್ರೆ ನಾಳೆ ಪೊಲೀಸ್ನೋರ ಮುಂದೆ ಅದೇ ಸಾಕ್ಷಿ ಆಗಲ್ವಾ? ಕೇಳಿದೋರಿಗೆ ಮಾತ್ರ ಕ್ಷಮೆ ಕೊಡಿ ಅಂತ ಯೇಸುಸ್ವಾಮಿ ಎಲ್ಲಿ ಹೇಳವ್ರೆ, ತೋರ್ಸಿ ನೋಡೋಣ." ನಿಜ ಹೇಳಬೇಕೆಂದರೆ, ಅವರಿಗಿಂತ ಆಕೆಯನ್ನು ಬಗ್ಗಿಸುವುದು ಸುಲಭ ಎಂದು ನನಗೆ ಅಲ್ಲೇ ಅನ್ನಿಸಿತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ನಮ್ಮಲ್ಲಿ ಗಾದೆಯಲ್ಲವೇ.

ಒಂಬತ್ತನೆಯ ಬೆಳಿಗ್ಗೆ ಹೇಳಿದ ಮಾತನ್ನು ನೀವು ಯಾರೂ ಯಾವ ಮನೆಯಲ್ಲೂ ಹೇಳಬಾರದು ಎಂದೇ ಇಲ್ಲಿ ಬರೆಯುತ್ತಿದ್ದೇನೆ. "ನೀನು ಇನ್ನೊಬ್ಬರನ್ನು ಕ್ಷಮಿಸದಿದ್ದರೆ ದೇವರು ನಿನ್ನನ್ನು ಕ್ಷಮಿಸುವುದಿಲ್ಲ ಜ್ಞಾನಮ್ಮ. ಸಂಪೂರ್ಣ ಪರಲೋಕದಲ್ಲಿದ್ದಾಳೆ. ನೀನು ಎಲ್ಲಿಗೆ ಹೋಗ್ತೀಯ ಯೋಚನೆ ಮಾಡು" ಎಂದೆ.

ಆಕೆಯ ಮುಖ ಬಿಳುಚಿಕೊಂಡಿತು. "ಹಂಗಾದ್ರೆ ನನ್ ಮಗೀನ ನೋಡಕ್ಕಾಗಲ್ವಾ?"

"ಕಷ್ಟ" ಎಂದೆ.

"ಎಲ್ಲಿ ಒತ್ಬೇಕು ಹೇಳಿ, ಒತ್ತುತೀನಿ" ಎಂದಳು.

ಶನಿವಾರ ಮಧ್ಯಾಹ್ನ. ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಪಕ್ಕದಲ್ಲಿ ದೇವದಾಸಪ್ಪ ಕುಳಿತಿದ್ದರು. ಇಬ್ಬರಿಗೂ ಸಮಾಧಾನವಾಯಿತು ಎಂದು ಬರೆದೆ. ಅವರು ಮೆಲ್ಲಗೆ, "ಇನ್ನೊಂದ್ ಸಾಲು ಸೇರಿಸ್ಬಿಡಿ. ಬಾಗ್ಲು ತೆರೆದೇ ಇತ್ತು, ಹುಡುಗಿ ಗಾಬರೀಲಿ ಎಡವಿ ಬಿದ್ಲು, ಯಾರ ಮೇಲೂ ದೂರಿಲ್ಲ ಅಂತ. ಮುಂದೆ ಮಾತು ಬೆಳೆಯೋದು ಬೇಡ" ಎಂದರು. ನಾನು ಪೆನ್ನು ಹಿಡಿದು ಕೂತೆ. ಬೀಗದ ವಿಷಯ ನನಗೆ ಗೊತ್ತಿಲ್ಲವೇ? ಆ ಹುಡುಗಿಯ ಕೊನೆಯ ಮಾತನ್ನು ಕೇಳಿಸಿಕೊಂಡವನು ನಾನೇ ಅಲ್ಲವೇ? ಬೆಳಗಾದರೆ ಅಯ್ಯನವರು ಬರುತ್ತಾರೆ. ಒಂಬತ್ತು ದಿನದ ಕೆಲಸ ಕೈಗೆ ಬಂದಿದೆ. ಬರೆದೆ.

ಜ್ಞಾನಮ್ಮ ಬಂದು ನೆಲದ ಮೇಲೆ ಕುಳಿತಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಬೇಕೆಂಬುದು ಕ್ರಮ. ಮೊದಲ ಸಾಲು ಓದಿದೆ. ತಾರೀಖು ಮತ್ತು ಇಬ್ಬರ ಹೆಸರಿದ್ದ ಮೂರನೆಯ ಸಾಲು ಓದಿದೆ. ನಡುವಿನ ಸಾಲನ್ನು ಓದಲಿಲ್ಲ. ಓದಲು ಬಾರದ ಆಕೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಡೆಗೆ ಉಜ್ಜಿ ಎದ್ದು ಹೋದಳು.

ಭಾನುವಾರ ಎಲ್ಲರೂ ಒಂದೇ ಮೇಜಿನಲ್ಲಿ ರೊಟ್ಟಿ ತಿಂದರು. ಅಯ್ಯನವರು ಊಟಕ್ಕೆ ಕುಳಿತಾಗ, "ಏನಪ್ಪಾ, ಅಂತೂ ಸಾಧಿಸಿಬಿಟ್ಟೆ" ಎಂದು ನನ್ನ ಬೆನ್ನು ತಟ್ಟಿದರು. ಕಮಲ ಸಾರು ಬಡಿಸುತ್ತಿದ್ದಳು. ಜ್ಞಾನಮ್ಮನ ಮುಖ ನೋಡಿದಿರಾ ಎಂದು ಆ ರಾತ್ರಿ ಅವಳು ನನ್ನನ್ನು ಕೇಳಬಹುದೆಂದು ಹೆದರಿದ್ದೆ. ಕೇಳಲಿಲ್ಲ. ಪುಸ್ತಕದಲ್ಲಿ ಏನು ಬರೆದೆ ಎಂದು ಅವಳಿಗೂ ನಾನು ಹೇಳಲಿಲ್ಲ.

ಅದಾದ ಮೇಲೆ ಎರಡು ವರ್ಷ ಹೇಗೋ ಕಳೆದವು. ನಮ್ಮ ಕೆಲಸದ ರೀತಿಯೂ ಬದಲಾಗುತ್ತಿತ್ತು. ಮೊದಲು ಬಟ್ಟೆಯ ಮೇಲೆ ಅಂಟಿಸುವ ಬಣ್ಣದ ಚಿತ್ರಗಳನ್ನಿಟ್ಟುಕೊಂಡು ಕಥೆ ಹೇಳುತ್ತಿದ್ದೆವು. ಆಮೇಲೆ ಮೈಕು ಬಂತು, ಮೈಕಿನ ಮುಂದೆ ಮೆತ್ತಗೆ ಮಾತಾಡಲು ನನಗೆ ಕೊನೆಯವರೆಗೂ ಬರಲಿಲ್ಲ. ಆಮೇಲೆ ಬೆಂಗಳೂರಿನಿಂದ ತಿಂಗಳಿಗೊಂದು ಕಟ್ಟು ಕಾಗದ ಬರತೊಡಗಿತು. ದಿನಕ್ಕೊಂದು ಧ್ಯಾನ, ಸೈಕ್ಲೋಸ್ಟೈಲ್ ಮಾಡಿದ್ದು. ಉಪದೇಶಿ ಯೋಚನೆ ಮಾಡುವಂತಿಲ್ಲ, ಓದಿ ಬಂದರೆ ಸಾಕು. ಮಸಿ ಎಷ್ಟು ಹರಡಿರುತ್ತಿತ್ತೆಂದರೆ ಒಮ್ಮೊಮ್ಮೆ ಅರ್ಧ ಓದಿ ಆಮೆನ್ ಹೇಳಿ ಎದ್ದು ಬರುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ನಿಮಗೆ ಈಗ ಅಚ್ಚಾದ ಚೆಂದದ ಪುಸ್ತಕ ಕೊಡುತ್ತಾರೆ. ಸಂತೋಷ. ಯಾರ ಮನೆಯಲ್ಲಿ ಓದುತ್ತಿದ್ದೀರೆಂದು ತಲೆಯೆತ್ತಿ ನೋಡಿ, ಅಷ್ಟು ಸಾಕು.

ಆ ದಿನಗಳಲ್ಲಿ ಒಮ್ಮೆ ಚಿಕ್ಕಮುನಿಯಪ್ಪ ಬಸ್ ನಿಲ್ದಾಣದಲ್ಲಿ ಸಿಕ್ಕಿದ. "ಸ್ವಾಮಿ, ನಮ್ ಮಗಳು ಲಕ್ಷ್ಮೀದೇವಿನ ದೇವದಾಸಪ್ಪನೋರ ಕಾರ್ಖಾನೆಗೆ ಕಳ್ಸೋಣ ಅಂತ. ಬೀಗ ಹಾಕ್ತಾರೆ, ಹಿಂದೆ ಒಂದು ಹೆಣ್ಣು ಸತ್ತೋಯ್ತು ಅಂತಾರಲ್ಲ ಜನ? ನೀವು ಏನಂತೀರಿ? ನಿಮ್ ಮಾತು ನನಗೆ ಸಾಕು" ಎಂದ.

"ಅದೆಲ್ಲ ಮುಗಿದುಹೋದ ಮಾತು ಮುನಿಯಪ್ಪ. ಆ ತಾಯೀನೇ ಸಮಾಧಾನ ಮಾಡ್ಕೊಂಡಿದ್ದಾಳೆ" ಎಂದೆ. ಬಸ್ಸು ಬಂತು, ಹತ್ತಿಕೊಂಡೆ.

ಲಕ್ಷ್ಮೀದೇವಿ ಅಲ್ಲಿ ಏಳು ತಿಂಗಳು ಕೆಲಸ ಮಾಡಿದಳು. ಬೇಸಗೆಯ ಒಂದು ಬೆಳಿಗ್ಗೆ ಒಲೆಗೆಂದು ಒಳಗೆ ರಾಶಿ ಹಾಕಿದ್ದ ಕಡಲೆಕಾಯಿ ಸಿಪ್ಪೆಗೆ ಬೆಂಕಿ ತಾಕಿ ಷೆಡ್ಡಿನ ತುಂಬ ಹೊಗೆಯಾಯಿತು. ಬಾಗಿಲಿಗೆ ಬೀಗ. ಹೆಂಗಸರು ಹೆಂಚು ಒಡೆದು, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ, ಗೋಡೆ ಹಾರಿ ಬಿದ್ದು ಉಳಿದುಕೊಂಡರು. ಹೆಗಲು ಕೊಟ್ಟು ನಿಂತವಳು ಲಕ್ಷ್ಮೀದೇವಿ. ಅವಳು ಹತ್ತಲು ಯಾರ ಹೆಗಲೂ ಉಳಿದಿರಲಿಲ್ಲ. ನಾನು ಸೈಕಲ್ಲಿನಲ್ಲಿ ಹೋಗುವಷ್ಟರಲ್ಲಿ ಹೊರಗೆ ಜಗಲಿಯ ಮೇಲೆ ಮಲಗಿಸಿದ್ದರು. ಮೈ ಸುಟ್ಟಿರಲಿಲ್ಲ. ಹೊಗೆಯೇ ಸಾಕಾಗಿತ್ತು.

ಈ ಸಲ ಪೊಲೀಸರು ಬಂದರು. ಇಲ್ಲಿ ಹಿಂದೆಯೂ ಹೀಗೇ ಆಗಿತ್ತಂತೆ, ಆಗಲೂ ಬೀಗವಿತ್ತಂತೆ ಎಂದು ವಿಚಾರಿಸಿದರು. ದೇವದಾಸಪ್ಪ, "ಇಲ್ಲ ಸಾರ್, ಅದು ಬೇರೆ. ಆ ತಾಯೀನೇ ಬರ್ದುಕೊಟ್ಟವ್ಳೆ" ಎಂದರು. ಅವರು ಬೆಂಗಳೂರಿಗೆ ಆಳು ಕಳಿಸಿ ತರಿಸಿದ ಅಯ್ಯನವರ ಚೀಟಿ ಸಂಜೆಯೊಳಗೆ ನನ್ನ ಕೈಗೆ ಬಂತು. ಸಭೆಯ ಹಿರಿಯರ ಮಾನದ ಪ್ರಶ್ನೆ, ಪುಸ್ತಕ ತೆಗೆದುಕೊಂಡು ಹೋಗಿ ಠಾಣೆಯಲ್ಲಿ ತೋರಿಸು. ತೆಗೆದುಕೊಂಡು ಹೋದೆ. ಹೌದು, ನಾನೇ. ಠಾಣೆಯ ರೈಟರ್ ಆ ನಡುವಿನ ಸಾಲನ್ನು ಗಟ್ಟಿಯಾಗಿ ಓದಿ ನಕಲು ಮಾಡಿಕೊಂಡ. ನಾನು ಬರೆದ ಆ ಸಾಲನ್ನು ಗಟ್ಟಿಯಾಗಿ ಓದಿದ್ದನ್ನು ಮೊದಲು ಕೇಳಿದ್ದು ಅಲ್ಲೇ.

ಮಾರನೆಯ ಮಧ್ಯಾಹ್ನ ಚಿಕ್ಕಮುನಿಯಪ್ಪ ನಮ್ಮ ಮನೆಯ ಮುಂದೆ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ. ಕೂಗಾಡುತ್ತಾನೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವನು ಮೆಲ್ಲಗೆ ಕೇಳಿದ. "ಬಾಗ್ಲು ತೆರೆದಿತ್ತು ಅಂತ ಬರೆದೋರು ನೀವೇ ಅಂತೆ. ನಿಮ್ಮನ್ನ ಕೇಳೇ ಅಲ್ವಾ ಸ್ವಾಮಿ ನಾನು ಮಗಳನ್ನ ಕಳ್ಸಿದ್ದು?"

ಕಮಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವನು ಹೋದ ಮೇಲೆ ನನ್ನ ಹತ್ತಿರ ಬಂದು, "ನಿಜವೇನ್ರೀ?" ಎಂದಳು. ಹೂಂ ಎಂದೆ. ಎರಡು ದಿನ ಅವಳು ನನ್ನ ಮುಖ ನೋಡಲಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಕೂರುತ್ತಿದ್ದಳು.

ಆ ಎರಡನೆಯ ಬೆಳಿಗ್ಗೆ ಯಾರ ಮನೆಗೂ ಹೋಗದೆ ಒಬ್ಬನೇ ಕುಳಿತು ಧ್ಯಾನಕ್ಕೆ ಸುವಾರ್ತೆ ತೆರೆದೆ. ನಮ್ಮ ಸಮಾಧಾನದ ಪದ್ಧತಿಗೆ ಆಧಾರವಾದ ಆ ಬೋಧನೆಯನ್ನೇ ಹುಡುಕಿ ಓದಿದೆ. ನೂರು ಸಲ ಬೋಧಿಸಿದ್ದೆ. ಕಾಣಿಕೆ ಬಿಟ್ಟು ಎದ್ದು ಹೋಗಬೇಕಾದವನು ಯಾರು? ಯಾರ ಮೇಲೆ ಇನ್ನೊಬ್ಬರಿಗೆ ದೂರಿದೆಯೋ ಅವನು. ತಪ್ಪು ಮಾಡಿದವನೇ ಹೊರಡಬೇಕು ಎಂದು ಯೇಸುಸ್ವಾಮಿ ಹೇಳಿದ್ದಾರೆ. ನಾನು ಅಷ್ಟು ವರ್ಷವೂ ನೊಂದವರನ್ನೇ ಎಬ್ಬಿಸಿ ಕಳಿಸಿದ್ದೆ. ಸ್ವಾಮಿಯ ಬೋಧನೆಯನ್ನು ಸ್ವಾಮಿಯ ಹೆಸರಿನಲ್ಲೇ ತಲೆಕೆಳಗು ಮಾಡಿದ್ದೆ. ಹೊರಡಬೇಕಾದವರು ದೇವದಾಸಪ್ಪ ಎಂದು ಮೊದಲು ಅನ್ನಿಸಿತು. ಅಷ್ಟಕ್ಕೇ ನಿಂತಿದ್ದರೆ ನನಗೂ ಹಿತವಾಗಿರುತ್ತಿತ್ತು. ಆದರೆ ಜ್ಞಾನಮ್ಮನಿಗೆ ನನ್ನ ಮೇಲೆಯೂ ದೂರಿದೆ, ಆ ದೂರು ಏನೆಂದು ಆಕೆಗೆ ಇನ್ನೂ ಗೊತ್ತೇ ಇಲ್ಲ. ಅಂಗಿ ಹಾಕಿಕೊಂಡು ಪುಸ್ತಕ ಹಿಡಿದು ಹೊರಟೆ.

ಆಕೆ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಮೂರೂ ಸಾಲು ಓದಿದೆ. ನಡುವಿನದನ್ನು ಎರಡು ಸಲ ಓದಿದೆ. ಆಕೆಯ ಕೈಯಲ್ಲಿ ಮೊರ ನಿಂತಿತು.

"ನನ್ ಹೆಬ್ಬೆಟ್ಟು ಅದ್ರ ಕೆಳಗೈತಾ?"

"ಹೂಂ."

"ಇಷ್ಟು ದಿನವೂ?"

"ಹೂಂ. ನನ್ನನ್ನು ಕ್ಷಮಿಸು ಅಂತ ಕೇಳಕ್ಕೆ ಬಂದಿಲ್ಲಮ್ಮ. ಹೇಳಕ್ಕೆ ಬಂದೆ."

"ಕೇಳ್ಬೇಡಿ" ಎಂದಳು. "ಈಗ ಕೇಳ್ಬೇಡಿ. ಆ ಮುನಿಯಪ್ಪನ ಮಗಳು ದಿನಾ ಈ ದಾರೀಲೇ ಹೋಗೋಳು. ನಾನು ಸಂಪೂರ್ಣಂದು ರಿಬ್ಬನ್ ಕೊಟ್ಟಿದ್ದೆ ಅವಳ್ಗೆ." ಆಮೇಲೆ ಆಕೆಗೆ ಅಳು ಬಂತು. ಮಗಳು ಸತ್ತಾಗಲೂ ಆಕೆ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಪ್ರಾರ್ಥನೆ ಮಾಡಲಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಒಂದು ಮನೆಯಿಂದ ಪ್ರಾರ್ಥನೆ ಮಾಡದೆ ಎದ್ದು ಬಂದೆ.

ಅಲ್ಲಿಂದ ನೇರ ಠಾಣೆಗೆ ಹೋಗಿ, ಅದು ಸುಳ್ಳು, ಬೀಗವಿತ್ತು, ಗೊತ್ತಿದ್ದೇ ಬರೆದೆ ಎಂದು ಹೇಳಿಕೆ ಕೊಟ್ಟೆ. ಅದರಿಂದ ಏನಾಯಿತು ಎಂದು ಕೇಳುವಿರಿ. ಕೇಸು ವರ್ಷಗಟ್ಟಲೆ ಎಳೆದು ಸಣಕಲಾಗಿ ಮುಗಿಯಿತು. ಕಾರ್ಖಾನೆ ಮುಚ್ಚಿತು, ಅಲ್ಲಿ ದುಡಿಯುತ್ತಿದ್ದ ಹೆಂಗಸರು ನನ್ನನ್ನು ಬೈದರು. ನನ್ನನ್ನು ದಾಬಸ್‌ಪೇಟೆ ಕಡೆಗೆ ಎತ್ತಿಹಾಕಿದರು. ನಿವೃತ್ತಿಯವರೆಗೆ ಅಲ್ಲೇ ಸೈಕಲ್ ತುಳಿದೆ. ಇದನ್ನೆಲ್ಲ ದೊಡ್ಡ ತ್ಯಾಗವೆಂದು ತಿಳಿಯಬೇಡಿ. ಎರಡು ವರ್ಷ ತಡವಾಗಿ ಹೇಳಿದ ಸತ್ಯಕ್ಕೆ ಒಂದು ಹೆಣ್ಣುಮಗಳ ಹೆಣದಷ್ಟು ಭಾರವಿರುತ್ತದೆ. ವಿಜಯಪುರ ಬಿಡುವ ಮೊದಲಿನ ಕೊನೆಯ ಕರ್ತನ ಭೋಜನದ ಭಾನುವಾರ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಅಯ್ಯನವರು ಮೇಜಿನ ಮುಂದೆ ನಿಂತಿದ್ದರು. ದೇವದಾಸಪ್ಪ ಬಂದಿರಲಿಲ್ಲ. ರೊಟ್ಟಿಯ ಮೇಲಿನ ಬಿಳಿ ಬಟ್ಟೆ ತೆಗೆಯುವ ಹೊತ್ತಿಗೆ ಹೆಂಗಸರ ಸಾಲಿನಿಂದ ಜ್ಞಾನಮ್ಮ ಎದ್ದಳು. ಹೊರಗೆ ಹೋಗುತ್ತಾಳೆಂದು ಎಲ್ಲರೂ ತಿಳಿದೆವು. ಮುಂದಕ್ಕೆ ಬಂದಳು.

"ಅಯ್ಯನೋರೆ, ನಾನು ಕೊಟ್ಟ ಕ್ಷಮೆ ವಾಪಸ್ ತಗೊಂಡಿದ್ದೀನಿ. ಪುಸ್ತಕದಾಗೆ ಬರೆಸ್ಬೇಕು."

ಅಯ್ಯನವರು ಗಲಿಬಿಲಿಯಾದರು. "ಹಾಗೆಲ್ಲ ವಾಪಸ್ಸು ತಗೊಳ್ಳೋ ಕ್ರಮ ನಮ್ಮಲ್ಲಿಲ್ಲಮ್ಮ."

"ಕೇಳದೇ ಇದ್ದೋರಿಗೆ ಕೊಡ್ಸೋ ಕ್ರಮ ಐತಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ಳಿ ಉಪದೇಶಿಗಳೇ."

ಅಯ್ಯನವರು ಬೇಡವೆಂದು ನನಗೆ ಕಣ್ಣು ಮಾಡಿದರು. ನಾನು ಬೀರುವಿನಿಂದ ಪುಸ್ತಕ ತೆಗೆದು, ಮೊಣಕಾಲಿನ ಮೇಲಿಟ್ಟುಕೊಂಡು ಬರೆದೆ. ಸಂಪೂರ್ಣ ಸತ್ತ ದಿನ ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಹಾಕಿದವರು ದೇವದಾಸಪ್ಪ. ಅವರು ಇದುವರೆಗೆ ಕ್ಷಮೆ ಕೇಳಿಲ್ಲ. ಉಪದೇಶಿಯಾದ ನಾನು ಗೊತ್ತಿದ್ದೂ ಸುಳ್ಳು ಬರೆದು, ಆ ಸಾಲನ್ನು ಓದದೆ ಮುಚ್ಚಿಟ್ಟು ಹೆಬ್ಬೆಟ್ಟು ಹಾಕಿಸಿಕೊಂಡೆ. ಅದನ್ನು ನಂಬಿ ಕೆಲಸಕ್ಕೆ ಬಂದ ಲಕ್ಷ್ಮೀದೇವಿ ಸತ್ತಳು. ಜ್ಞಾನಮ್ಮ ತನ್ನ ಕ್ಷಮೆಯನ್ನು ಹಿಂದಕ್ಕೆ ಪಡೆದಿದ್ದಾಳೆ. ಬರೆದು, ಎದ್ದು ನಿಂತು, ಸಭೆಯೆಲ್ಲ ಕೇಳುವಂತೆ ಓದಿದೆ. ಮುಗಿಸಿ, ಮಸಿಯ ಮೆತ್ತೆಯನ್ನು ಆಕೆಯ ಮುಂದೆ ಹಿಡಿದೆ.

ಜ್ಞಾನಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಹೆಂಗಸರ ಸಾಲಿಗೆ ಹೋಗಿ, ಮೊದಲ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ ನನ್ನ ಹೆಂಡತಿಯ ಮುಂದೆ ಅದನ್ನು ಚಾಚಿದಳು.

"ನೀವು ಓದಿ ಕಮಲಮ್ಮ" ಎಂದಳು.

ಕಮಲ ಎದ್ದು ನಿಂತು ಪುಸ್ತಕ ತೆಗೆದುಕೊಂಡಳು. ಒಂದು ಅಕ್ಷರವನ್ನೂ ಬಿಡದೆ ಓದಿದಳು. ಆಮೇಲೆ ಜ್ಞಾನಮ್ಮ ಹೆಬ್ಬೆಟ್ಟು ಒತ್ತಿದಳು.